ಬೀರುವಿನಲ್ಲಿ ಕೂತ ಮೈಕ್ರೋಸ್ಕೋಪು

ಆ ಮೈಕ್ರೋಸ್ಕೋಪನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಅದರ ತಪ್ಪೇನಿಲ್ಲ, ಪಾಪ. ಮಹಾರಾಜರ ಕಾಲ; ಮಧುಗಿರಿ ಸೀಮೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಕಿರಿಯ ಡಾಕ್ಟರು. ಯಂತ್ರ ಗಾಜಿನ ಬೀರುವಿನಲ್ಲಿ, ಬೀಗದ ಕೈ ಹಿರಿಯ ಡಾಕ್ಟರ ಕೋಟಿನ ಜೇಬಿನಲ್ಲಿ. ಜ್ವರದವರ ರಕ್ತ ನೋಡುವುದಕ್ಕಲ್ಲದೆ ಅದನ್ನು ಮುಟ್ಟುವಂತಿರಲಿಲ್ಲ. ಮೇಲಧಿಕಾರಿ ತಪಾಸಣೆಗೆ ಬರುತ್ತಾರೆಂದರಂತೂ ಅದರ ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿಸಿ, ರೇಷ್ಮೆ ವಸ್ತ್ರ ಹೊದಿಸಿ, ಉತ್ಸವಮೂರ್ತಿಯ ಹಾಗೆ ಕೂರಿಸಿಬಿಡುತ್ತಿದ್ದರು.

ಅಂಥದೇ ದಿನಗಳಲ್ಲಿ ತಾವರೆಕೆರೆ ಕಡೆಯ ಹೆಂಗಸೊಬ್ಬಳು ಬಂದಳು. ಒಂದು ಕಣ್ಣು ಚಿಕ್ಕಂದಿನಲ್ಲೇ ಸಿಡುಬಿಗೆ ಹೋಗಿತ್ತು. ಉಳಿದದ್ದಕ್ಕೆ ಕಣದಲ್ಲಿ ರಾಗಿ ತೂರುವಾಗ ಹೊಟ್ಟು ಬಿದ್ದಿತ್ತು. ಊರಿನ ಮುದುಕಿಯೊಬ್ಬಳು ನಾಲಿಗೆಯಿಂದ ಅದನ್ನು ತೆಗೆದು, ಯಾರದೋ ಎದೆಹಾಲು ಬಿಡಿಸಿದ್ದಳಂತೆ. ಕರಿಗುಡ್ಡೆಯ ಮೇಲೆ ಬೂದು ಬಣ್ಣದ ಒಣಕಲು ಹುಣ್ಣು. ನೋಡಿದ ಕೂಡಲೇ ನನಗೆ ಬೂಷ್ಟಿನ ಗುಮಾನಿ ಬಂತು. ಹುಣ್ಣನ್ನು ಚೂರು ಕೆರೆದು ಗಾಜಿನ ಮೇಲಿಟ್ಟು ನೋಡಿದರೆ ತಿಳಿಯುತ್ತಿತ್ತು. ಬೂಷ್ಟೇ ಆಗಿದ್ದರೆ ಎಲ್ಲರ ಕಣ್ಣಿಗೂ ಬಿಡುವ ಮಾಮೂಲಿ ಔಷಧದ ಹನಿ ನಿಲ್ಲಿಸಿ, ಹುಣ್ಣನ್ನು ಅಯೋಡಿನ್ ಮುಟ್ಟಿಸಿ ಸುಡಬೇಕು. ನೋಡದೆ ಸುಟ್ಟರೆ ಇದ್ದೊಂದು ಕಣ್ಣನ್ನು ನಾನೇ ತೆಗೆದಂತಾಗಬಹುದು.

ಬೀಗದ ಕೈ ಕೇಳಿದೆ. "ಕಣ್ಣಿನ ಕೀವು ಗೀವು ಅದಕ್ಕೆ ತಾಗಿಸ್ಬೇಡಿ ಕಣ್ರೀ. ಸಾಹೇಬರು ಬಂದು ಹೋಗಲಿ," ಎಂದರು ಹಿರಿಯರು.

ಬೆಂಗಳೂರಿಗಾದರೂ ಕಳಿಸಿ ಎಂದೆ. ಕಣ್ಣುನೋವಿಗೆಲ್ಲ ಬೆಂಗಳೂರೇ ಎಂದು ನಕ್ಕರು. ಸಾಹೇಬರು ನಾಳೆ ಬರುತ್ತಾರೆ, ನಾಡಿದ್ದು ಬರುತ್ತಾರೆ ಎನ್ನುತ್ತ ವಾರ ಕಳೆಯಿತು. ನಾನು ದಿನಾ ಜಗಳವಾಡಿದೆ. ದಿನಾ ಅದೇ ಹನಿ ಬಿದ್ದಿತು. ಮನುಷ್ಯರ ಕಣ್ಣಿಗಿಂತ ಹಿತ್ತಾಳೆಯ ಹೊಳಪು ಹೆಚ್ಚಾಯಿತಲ್ಲ ಎಂದು ನನಗೆ ಊಟ ಸೇರುತ್ತಿರಲಿಲ್ಲ.

ಸಾಹೇಬರು ಬಂದ ದಿನ ಬೀರು ತೆರೆಯಿತು. ಅಷ್ಟರಲ್ಲಿ ಅವಳ ಕರಿಗುಡ್ಡೆ ಒಡೆದುಹೋಗಿತ್ತು. ಆದರೂ ಹಟಕ್ಕೆ ಬಿದ್ದು ಕೆರೆದು, ಗಾಜಿನ ಮೇಲಿಟ್ಟು ಕ್ಷಾರದ ಹನಿ ಹಾಕಿ, ಅವರೆದುರೇ ನೋಡಿದೆ. ಹಳಸಿದ ಮುದ್ದೆಯ ಮೇಲೆ ಬರುವಂಥ ಎಳೆಗಳು, ಕವಲು ಕವಲಾಗಿ. ಸಾಹೇಬರೂ ಬಗ್ಗಿ ನೋಡಿದರು. ಬಲು ಅಪರೂಪದ ಕೇಸು ಎಂದು ಹೊಗಳಿ ಹಿರಿಯರ ಕೈ ಕುಲುಕಿದರು. ಹಿರಿಯರು ಹಲ್ಲುಕಿರಿದರು. ಆ ಕೈಯನ್ನು ಮುರಿದುಹಾಕಬೇಕೆನ್ನಿಸಿತು ನನಗೆ.

ಅವಳು ಅಲ್ಲೇ ಬೆಂಚಿನ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ನಮ್ಮ ಮಾತು ನಿಂತ ಮೇಲೆ ದನಿ ಬಂದ ಕಡೆಗೆ ಮುಖ ತಿರುಗಿಸಿದಳು.

"ನನ್ ಕಣ್ಣಾಗೇನೈತೆ ಅಂತ ನೀವೆಲ್ಲ ನೋಡುದ್ರಲ್ಲ ಸಾಮಿ, ಇನ್ನ ನಂಗ್ ಯಾವತ್ತು ಕಾಣ್ತದೆ?"