ಜಗುಲಿಯಲ್ಲಿ ಹುಟ್ಟಿದ ಪದ

ಶಿವಾಜಿನಗರದ ಫುಟ್‌ಪಾತಿನಲ್ಲಿ ಈ ಹಳೇ ಇಂಗ್ಲಿಷ್ ನಿಘಂಟಿಗೆ ನೂರಾ ನಲವತ್ತು ರೂಪಾಯಿ ಕೊಟ್ಟೆ. ಮಾರುವವನು ಹೇಳಿದ್ದು ಮುನ್ನೂರು. ಹರಿದ ಬೆನ್ನು ತೋರಿಸಿ ಇಳಿಸಿದೆ. ಕೊಂಡದ್ದು ಒಂದೇ ಒಂದು ಪದಕ್ಕಾಗಿ. ಹಲಸೂರಿನ ನನ್ನ ಗಾಜಿನ ಸಾಮಾನಿನ ಅಂಗಡಿಯನ್ನು ಖಾಲಿ ಮಾಡಿ, ಕಟ್ಟಡ ಕೆಡವುತ್ತೇನೆ ಎಂದು ಮಾಲೀಕ ಹೇಳಿಹೋದ ದಿನ ನಾನು ತುಟಿ ಬಿಚ್ಚದೆ ಟೀ ಕುಡಿದೆನಂತೆ. ಮಗಳು, "ಅಪ್ಪಾ, ನೀನು ಸಖತ್ ಸ್ಟೋಯಿಕ್ ಕಣಪ್ಪ" ಅಂದಳು. ಹೊಗಳಿಕೆಯೋ ಬೈಗುಳವೋ ನೋಡದೆ ಯಾವ ಮಾಲನ್ನೂ ಒಳಗೆ ಬಿಟ್ಟುಕೊಳ್ಳುವವನಲ್ಲ ನಾನು.

ಕಷ್ಟಕ್ಕೆ ಜಗ್ಗದವನು ಎಂದಿತು ನಿಘಂಟು. ನಿಮ್ಮಲ್ಲಿ ಮುಚ್ಚುಮರೆ ಏಕೆ? ವ್ಯಾಪಾರಕ್ಕೇ ಕೈಮುಗಿದು ಮನೆಯಲ್ಲಿ ಕೂತುಬಿಡೋಣ ಎಂದು ಆ ಟೀ ಮುಗಿಯುವಷ್ಟರಲ್ಲಿ ಲೆಕ್ಕ ಹಾಕಿದ್ದೆ. ಆದರೆ ಪದದ ಬೇರು ನೋಡಿ: ಗ್ರೀಕರ ‘ಸ್ಟೋಆ’, ಅಂದರೆ ಕಂಬಗಳ ಜಗುಲಿ! ಉಳಿದದ್ದನ್ನು ಮಗಳು ಹೇಳಿದಳು. ಹಡಗು ಮುಳುಗಿ ಸರಕು ಕಳೆದುಕೊಂಡ ಒಬ್ಬ ವ್ಯಾಪಾರಿ ಆಮೇಲೆ ತತ್ವಜ್ಞಾನ ಕಲಿತು, ಅಥೆನ್ಸಿನ ಮಾರುಕಟ್ಟೆಯ ಪಕ್ಕದ ಜಗುಲಿಯಲ್ಲಿ ಪಾಠ ಹೇಳುತ್ತಿದ್ದನಂತೆ. ಕೇಳಲು ಬಂದು ಕೂತವರಿಗೆ ಜಗುಲಿಯ ಹೆಸರೇ ಅಂಟಿಕೊಂಡಿತಂತೆ.

ನನಗೆ ಚಾಂದ್ ಭಾಯ್ ನೆನಪಾದರು. ಮದುವೆಗೆ ಮುಂಚೆ ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ನಾವಿಬ್ಬರೂ ಪಾಲುದಾರರು. ಇದ್ದಬದ್ದದ್ದೆಲ್ಲ ಸುರಿದು ತರಿಸಿದ ಒಂದು ಲಾರಿ ಗಾಜಿನ ಲೋಟ ಹೊಸಕೋಟೆಯ ಹತ್ತಿರ ಮಗುಚಿಕೊಂಡಿತು. "ಸಾಕು ಭಾಯ್, ಎಲ್ಲಾದ್ರೂ ಕೆಲಸಕ್ಕೆ ಸೇರ್ಕೋತೀನಿ" ಅಂದುಬಿಟ್ಟೆ. ಮರುದಿನ ಹೋಗಿ ನೋಡಿದರೆ ಅವರು ಅಂಗಡಿಯ ಜಗುಲಿ ಗುಡಿಸಿ, ಉಳಿದ ಲೋಟಗಳನ್ನು ಹರವಿಕೊಂಡು, ಒಂದೊಂದನ್ನೂ ಚಮಚದಿಂದ ತಟ್ಟಿ ಕಿವಿಗೊಡುತ್ತಿದ್ದಾರೆ. ಟಣ್ ಎಂದರೆ ಈ ಕಡೆ. ಬಿರುಕಿನ ಮಂಕು ದನಿಯಾದರೆ ಆ ಕಡೆ.

"ಕ್ಯಾ ಮಿಯಾ, ಅಳೋದಾದ್ರೆ ದೂರ ಹೋಗಿ ಅಳು, ಇಲ್ಲಿ ಲೋಟದ ಸೌಂಡು ಕೇಳ್ಸಲ್ಲ. ಕೂತ್ಕೊಳೋದಾದ್ರೆ ಚಮಚ ತಗೋ."

"ಒಂಟಿ ಲೋಟ ಯಾರು ತಗೋತಾರೆ ಭಾಯ್?"

"ನಿಮ್ಮನೇಲಿ ಆರರ ಸೆಟ್ಟಲ್ಲಿ ಆರೂ ಇದ್ಯಾ?"

ನಾಲ್ಕಿದ್ದವು. ಆಗೆಲ್ಲ ಮನೆಮನೆಯಲ್ಲೂ ಅದೇ ನಮೂನೆಯ ಲೋಟ, ಮನೆಮನೆಯಲ್ಲೂ ಒಂದೆರಡು ಒಡೆದಿರುತ್ತಿದ್ದವು. ಫ್ರೇಜರ್ ಟೌನಿನ ಹೆಂಗಸರು ಮನೆಯದೊಂದನ್ನು ಸೆರಗಿನಲ್ಲಿ ಮುಚ್ಚಿ ತಂದು ಜೋಡಿ ಹುಡುಕಿದರು. ಬಿಡಿ ಲೋಟ ಮಾರಿಯೇ ನಾವು ಮತ್ತೆ ನಿಂತೆವು.

ಚಾಂದ್ ಭಾಯ್ ಈಗಿಲ್ಲ. ಅವರಿಗೆ ಸಲ್ಲಬೇಕಾದ ಪದವನ್ನು ಮಗಳು ನನಗೆ ಕೊಟ್ಟಿದ್ದಾಳೆ. ಹಿಂದಿರುಗಿಸುವ ಅಭ್ಯಾಸ ನನಗಿಲ್ಲ. ನಿನ್ನೆ ಕೆ.ಆರ್. ಪುರದಲ್ಲಿ ಅಂಗಡಿ ಗೊತ್ತುಮಾಡಿ ಬಂದೆ. ದಲ್ಲಾಳಿ ಒಳಗೆ ಟೈಲ್ಸು ತೋರಿಸುತ್ತಿದ್ದ, ನಾನು ಹೊರಗೆ ಗೇಣು ಹಾಕಿ ಜಗುಲಿ ಅಳೆಯುತ್ತಿದ್ದೆ. ಇಬ್ಬರು ಕೂರಬಹುದು.

ನೀವೂ ಅಂಗಡಿ ಹಿಡಿಯುವಾಗ ಮೊದಲು ಜಗುಲಿ ನೋಡಿ. ನಷ್ಟವಾದ ಮರುದಿನ ತಪ್ಪದೆ ಅಲ್ಲಿ ಕೂತು, ಉಳಿದದ್ದನ್ನು ಒಂದೊಂದೇ ತಟ್ಟಿ ಕೇಳಿ. ಬಿಟ್ಟುಬಿಡುವ ಮಾತು ಸಂಜೆಯವರೆಗೆ ಕಾಯಲಿ; ಅಷ್ಟರಲ್ಲಿ ಯಾರಾದರೂ ಒಂದೇ ಒಂದು ಲೋಟ ಕೇಳಿಕೊಂಡು ಬರುತ್ತಾರೆ.