ಹೊಳೆಯಂಗಳದ ಗುಲಾಬಿ ಬಾವುಟಗಳು

ಟೈಲರಕ್ಕನ ಬಾಯಿಗೆ ಹೆದರದವರು ಆ ಬೀದಿಯಲ್ಲಿ ಇರಲಿಲ್ಲ. ಅಳತೆ ಕೊಡಲು ಬಂದವರು ಹೊಟ್ಟೆ ಒಳಗೆಳೆದುಕೊಂಡು ನಿಂತರೆ, "ಮನೆಗೆ ಹೋಗಿ ಉಸಿರು ಬಿಡಲ್ವಾ? ಆಗ ಗುಂಡಿ ಹಾರಿದ್ರೆ ನನ್ನ ಹೆಸರು ಕೆಡುತ್ತೆ. ಬಿಡ್ರಿ ಹೊಟ್ಟೆ!" ಎಂದು ಎಲ್ಲರೆದುರೇ ಗದರುತ್ತಿದ್ದಳು. ಅಪ್ಪ ಅಮ್ಮ ಹೋದಮೇಲೆ ಹೊಲಿಗೆ ಮಿಷನ್ನು ತುಳಿದೇ ತಮ್ಮನನ್ನು ಸಾಕಿದವಳು. ತಮ್ಮ ಈಗ ಟಿಪ್ಪರ್ ಓಡಿಸುತ್ತಾನೆ. ಬತ್ತಿದ ಹೊಳೆಯಿಂದ ಮರಳು ಎತ್ತಿ ತಂದು ಊರಿಗೆ ಸುರಿಯುವ ಕೆಲಸ. ಗಡ್ಡ ಮೀಸೆ ಬಂದವನ ಕಿವಿಯನ್ನು ಅವಳು ಈಗಲೂ ಹಿಂಡುವುದುಂಟು.

ಸೂಜಿಗೆ ದಾರ ಪೋಣಿಸಲು ಕಣ್ಣು ಕೈಕೊಟ್ಟಾಗ ಕನ್ನಡಕದಂಗಡಿಗೆ ಹೋದಳು. ಅಂಗಡಿಯ ಯಜಮಾನರೇ ಊರಿನ ವನ್ಯಜೀವಿ ಬಳಗದ ಅಧ್ಯಕ್ಷರು. ಗೋಡೆಯ ಮೇಲೆ ಬರೀ ಕಲ್ಲುಗಳ ಒಂದು ಫೋಟೋ ಇತ್ತು.

"ಇದೇನ್ರೀ, ಕಲ್ಲಿಗೂ ಫೋಟೋ ತೆಗೀತೀರಾ?"

ಯಜಮಾನರು ನಕ್ಕು, ಹೊಸ ಕನ್ನಡಕ ಹಾಕಿಸಿ, ಮತ್ತೆ ನೋಡಿ ಎಂದರು. ಕಲ್ಲುಗಳ ನಡುವೆ ಥೇಟ್ ಕಲ್ಲಿನಂಥವೇ ಮಚ್ಚೆ ಮಚ್ಚೆಯ ಮೊಟ್ಟೆಗಳಿದ್ದವು. ಟಿಟ್ಟಿಭ ಹಕ್ಕಿಯವು. ಮರದಲ್ಲಿ ಗೂಡು ಕಟ್ಟದೆ ಹೊಳೆಯಂಗಳದ ಬರಿನೆಲದಲ್ಲೇ ಇಡುತ್ತದೆ, ಟಿಪ್ಪರ್ ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾಗುತ್ತವೆ ಎಂದರು. ಟೈಲರಕ್ಕನಿಗೆ ಮೈಯೆಲ್ಲ ಉರಿಯಿತು. ಟಿಪ್ಪರ್ ಯಾರು ಓಡಿಸುತ್ತಾರೆಂದು ಅವಳಿಗೆ ಗೊತ್ತಿತ್ತಲ್ಲ.

ಬಳಗ ಸೇರಿದಳು. ಬಾವುಟದ ಉಪಾಯ ಅವಳದೇ. ಅಂಗಡಿಯಲ್ಲಿ ಮಿಕ್ಕಿದ್ದ, ಕಣ್ಣು ಕುಕ್ಕುವ ಗುಲಾಬಿ ಬಟ್ಟೆಯನ್ನು ಕತ್ತರಿಸಿ, ಅಂಚು ಮಡಿಸಿ ಹೊಲಿದು, ಕಡ್ಡಿಗೆ ಪೋಣಿಸಿ, ಮೊಟ್ಟೆ ಕಂಡಲ್ಲೆಲ್ಲ ಪಕ್ಕದಲ್ಲೊಂದು ನೆಟ್ಟಳು. ಡ್ರೈವರುಗಳನ್ನು ಒಪ್ಪಿಸುವ ಹೊಣೆ ತಮ್ಮನದು.

"ಹಕ್ಕಿಗೋಸ್ಕರ ಸ್ಟೇರಿಂಗ್ ತಿರುಗಿಸ್ಬೇಕಾ? ಎಲ್ರೂ ನಗ್ತಾರಕ್ಕಾ."

"ನಗಲಿ. ಒಂದು ಬಾವುಟಕ್ಕೆ ಚಕ್ರ ತಾಗಲಿ, ಅವತ್ತಿಂದ ನಿನ್ನ ಅಡುಗೆ ನೀನೇ ಮಾಡ್ಕೋ."

ಡ್ರೈವರುಗಳು ನಕ್ಕರು, ಆದರೆ ಮಾತು ಉಳಿಸಿಕೊಂಡರು. ಗುಲಾಬಿ ಕಂಡರೆ ದೂರದಿಂದಲೇ ಬಳಸಿ ಹೋಗುತ್ತಿದ್ದರು. ಪತ್ರಿಕೆಯಲ್ಲಿ ಚಿತ್ರ ಬಂತು. ಯಜಮಾನರು ಮುಂದೆ, ಟೈಲರಕ್ಕ ಹಿಂದೆ, ನಡುವೆ ಬಾವುಟ.

ಆಮೇಲೆ ಮೊಟ್ಟೆಗಳು ಕಾಣೆಯಾಗತೊಡಗಿದವು. ಚಕ್ರದ ಗುರುತಿಲ್ಲ, ಒಡೆದ ಚಿಪ್ಪಿಲ್ಲ. ಬಾವುಟ ಮಾತ್ರ ಪಟಪಟ ಬಡಿದುಕೊಳ್ಳುತ್ತಿತ್ತು, ಪಕ್ಕದ ಕುಳಿ ಖಾಲಿ. ಬಳಗದವರು ಹಾವು ಎಂದರು, ನಾಯಿ ಎಂದರು. ಟೈಲರಕ್ಕನ ಅನುಮಾನ ನೇರ ಮನೆಯೊಳಕ್ಕೇ ಬಂತು.

"ನಿಮ್ಮ ಡ್ರೈವರುಗಳು ಆಮ್ಲೆಟ್ ಹಾಕ್ಕೊಂಡ್ರೇನೋ?"

"ಅಷ್ಟು ಪುಟಾಣಿ ಮೊಟ್ಟೇಲಿ ಆಮ್ಲೆಟ್ ಮಾಡೋಕೆ ನಾವೇನು ಇರುವೆಗಳಾ?" ಎಂದು ತಮ್ಮ ಬಟ್ಟಲು ಸರಿಸಿ ಎದ್ದುಹೋದ. ಅವತ್ತಿಂದ ಅಕ್ಕ ತಮ್ಮನ ನಡುವೆ ಮಾತು ನಿಂತಿತು.

ಹೊಳೆದಡದ ಕರೆಂಟು ತಂತಿಯ ಮೇಲೆ ಕಾಗೆಗಳು ಹೆಚ್ಚಾಗಿದ್ದವು. ಕಾಗೆ ಎಲ್ಲಿಲ್ಲ ಹೇಳಿ! ಯಾರೂ ತಲೆ ಎತ್ತಿ ನೋಡಲಿಲ್ಲ.

ಒಂದು ಬೆಳಗ್ಗೆ ಅವಳ ಚಪ್ಪಲಿಯ ಬಾರು ಕಿತ್ತಿತು. ಕೈಯಲ್ಲಿದ್ದ ಬಾವುಟವನ್ನು ಬರಿನೆಲಕ್ಕೆ ಚುಚ್ಚಿ, ಅತ್ತ ಬಂಡೆಯ ಮೇಲೆ ಕೂತು ಬಾರಿಗೆ ಪಿನ್ನು ಹಾಕತೊಡಗಿದಳು. ತಲೆ ಎತ್ತಿದಾಗ ಬಾವುಟದ ಬುಡದಲ್ಲಿ ಒಂದು ಕಾಗೆ. ಅದು ಸುತ್ತ ನಡೆಯಿತು. ಒಂದು ಕಲ್ಲನ್ನು ಕೊಕ್ಕಿನಿಂದ ಮಗುಚಿತು. ಇನ್ನೊಂದನ್ನು ಮಗುಚಿತು. ಏನೂ ಸಿಗದಾಗ ಕತ್ತು ವಾರೆ ಮಾಡಿ ಅವಳನ್ನೇ ನೋಡಿತು. ಬಟ್ಟೆ ಹೇಳಿದ ದಿನ ತಯಾರಿಲ್ಲದಿದ್ದರೆ ಗಿರಾಕಿಗಳು ನೋಡುತ್ತಾರಲ್ಲ, ಹಾಗೆ.

ಇಷ್ಟು ದಿನ ಅವಳು ಕಾಗೆಗಳಿಗೆ ಎಲೆ ಹಾಕಿ ಬಡಿಸುತ್ತಿದ್ದಳು.

ಓಡುತ್ತಲೇ ಕನ್ನಡಕದಂಗಡಿಗೆ ಹೋದಳು. ಯಜಮಾನರು ಲೆನ್ಸು ಒರೆಸುತ್ತಿದ್ದರು.

"ಬಾವುಟ ಕೀಳ್ಬೇಕು ಸಾರ್. ಕಾಗೆಗಳಿಗೆ ದಾರಿ ತೋರಿಸ್ತಿದೀವಿ ನಾವು."

"ಭಾನುವಾರ ದೊಡ್ಡೋರು ಬರ್ತಿದಾರೆ ಟೈಲರಕ್ಕ. ಬಾವುಟ ಇಲ್ದಿದ್ರೆ ನಾವು ಕೆಲಸ ಮಾಡ್ತಿದೀವಿ ಅಂತ ಹೇಗೆ ಗೊತ್ತಾಗುತ್ತೆ? ಸೋಮವಾರ ನೋಡೋಣ."

"ಸೋಮವಾರಕ್ಕೆ ಮೊಟ್ಟೆ ಉಳಿದಿರಬೇಕಲ್ಲ?"

"ಹೊಸದಿಡುತ್ತೆ ಬಿಡಿ," ಎಂದು ಅವರು ಲೆನ್ಸನ್ನು ಬೆಳಕಿಗೆ ಹಿಡಿದರು. ಹಕ್ಕಿಯ ಹೊಟ್ಟೆಯೇನು ಇವರ ಗೋದಾಮೇ?

ಹೊಳೆಗೆ ವಾಪಸು ಹೋಗಿ ಎಲ್ಲ ಬಾವುಟಗಳನ್ನೂ ತಾನೇ ಕಿತ್ತಳು. ಮೊಟ್ಟೆ ಉಳಿದಿದ್ದ ಗೂಡು ಒಂದೇ. ಅದು ಆಚೆ ದಡದ ಹತ್ತಿರ. ಮೊಟ್ಟೆಗಳೊಳಗಿಂದ ಚಿಪ್ಪು ಕುಟ್ಟುವ ಸಣ್ಣ ಸದ್ದು ಬರುತ್ತಿತ್ತು. ನಾಳೆಯೋ ನಾಡಿದ್ದೋ ಮರಿ. ಟಿಪ್ಪರ್‌ಗಳ ಜಾಡು ಈಚೆ ದಡದ ಪಕ್ಕ, ಆದ್ದರಿಂದ ಬಾವುಟವಿಲ್ಲದಿದ್ದರೂ ಚಕ್ರದ ಭಯವಿಲ್ಲ. ಮೇಲೆ ಟಿಟ್ಟಿಭ ಬಾಯಿ ಹರಿದುಕೊಂಡು ಸುತ್ತುತ್ತಿತ್ತು. ಗೂಡಿನ ಹತ್ತಿರ ಬಂದವರು ದೂರ ಹೋಗುವವರೆಗೂ ಅದು ಹಾಗೆಯೇ, ಹೋದ ಕೂಡಲೇ ಸುಮ್ಮನಾಗುತ್ತದೆ.

ಮರುದಿನ ಬೆಳಗ್ಗೆ, ಕಾಗೆಗಳಿಗೆ ಗುರುತು ಸಿಗದಿರಲೆಂದು ಬಳಗದ ಜಾಕೆಟ್ಟು ಬಿಟ್ಟು, ಹಳೆ ಸೆರಗು ಹೊದ್ದು ಗೂಡು ನೋಡಲು ಹೊರಟಳು. ಕಾಗೆಗಳಿಗೆ ಜಾಕೆಟ್ಟು ಬೇಕಿರಲಿಲ್ಲ. ಅವಳ ನಡಿಗೆಯೇ ಸಾಕಾಗಿತ್ತು. ತಂತಿಯಿಂದ ಒಂದೊಂದಾಗಿ ಇಳಿದು, ಸದ್ದಿಲ್ಲದೆ, ಹಿಂದೆ ಹಿಂದೆ ಬಂದವು. ಅವಳು ನಿಂತರೆ ನಿಂತವು.

ಅವಳು ಆಚೆ ದಡಕ್ಕೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಚೀಲದಲ್ಲಿ ನಿನ್ನೆ ಕಿತ್ತ ಬಾವುಟಗಳಿದ್ದವು. "ಬನ್ರೋ, ತೋರಿಸ್ತೀನಿ ನಿಮಗೆ," ಎಂದು ಹಲ್ಲು ಕಚ್ಚಿ, ಈಚೆ ದಡದುದ್ದಕ್ಕೂ, ಗೂಡಿಗೆ ಎಷ್ಟು ದೂರವಾಗುತ್ತದೋ ಅಷ್ಟು ದೂರದಲ್ಲಿ, ಖಾಲಿ ನೆಲಕ್ಕೆ ಒಂದೊಂದನ್ನೇ ಚುಚ್ಚುತ್ತ ಹೋದಳು. ಕಾಗೆಗಳು ಮುತ್ತಿದವು, ಕಲ್ಲು ಮಗುಚಿದವು, ಒಂದಕ್ಕೊಂದು ಕಚ್ಚಾಡಿದವು. ಅವಳು ಜೀವಮಾನದಲ್ಲಿ ಅಷ್ಟು ಹಗುರವಾಗಿ ನಕ್ಕದ್ದಿಲ್ಲ. ಕಾಗೆಯ ತಲೆಯೊಳಗೆ ಹೊಕ್ಕು ಯೋಚಿಸಿದವಳು ತಮ್ಮನ ತಲೆಯೊಳಗೆ ಹೊಕ್ಕು ನೋಡಲಿಲ್ಲ.

ಮಧ್ಯಾಹ್ನ ಯಜಮಾನರ ಫೋನು: "ಹೊಳೆಕಡೆ ಹೋಗಿದ್ದೆ. ಎಷ್ಟು ಬಾವುಟ ಟೈಲರಕ್ಕ! ಫೋಟೋಗೆ ಹೇಳಿ ಮಾಡಿಸಿದ ಹಾಗಿದೆ."

ಸಂಜೆ ತಮ್ಮ ಬಂದ. ಜಗಳವಾದ ಮೇಲೆ ಮೊದಲ ಸಲ ತಾನಾಗಿ ಮಾತಾಡಿಸಿದ. ಒಳ್ಳೆಯ ಸುದ್ದಿ ತಂದವನ ಮುಖ.

"ಇವತ್ತು ನಮ್ಮನ್ನ ಪರೀಕ್ಷೆ ಮಾಡಿದ್ಯಲ್ಲಕ್ಕಾ! ಜಾಡಿನ ತುಂಬ ನಿನ್ನ ಗುಲಾಬಿನೇ. ಎಲ್ರಿಗೂ ಹೇಳಿದೆ, ನಮ್ಮಕ್ಕ ನೆಟ್ಟಿದ್ದು, ಮುಟ್ಟಿದ್ರೆ ಹುಷಾರ್ ಅಂತ. ಒಂದಕ್ಕೂ ಚಕ್ರ ತಾಗಿಸಿಲ್ಲ."

ಮಿಷನ್ನಿನ ಚಕ್ರ ನಿಂತಿತು.

"ಮತ್ತೆ... ಗಾಡಿ ಯಾವ ಕಡೆ ಹೊಡೆದ್ರಿ?"

"ಆಚೆ ದಡಕ್ಕೆ. ಅಲ್ಲಿ ಒಂದು ಬಾವುಟನೂ ಇರ್ಲಿಲ್ವಲ್ಲ, ಪೂರ್ತಿ ಖಾಲಿ. ದಿನವಿಡೀ ಎಲ್ಲ ಗಾಡೀನೂ ಅಲ್ಲೇ ಓಡಾಡಿದ್ವು." ಅವಳ ಮುಖ ನೋಡಿ ಅವನ ನಗು ಅರ್ಧಕ್ಕೇ ನಿಂತಿತು. "ಯಾಕಕ್ಕಾ?"

ಅವಳು ಎದ್ದು ಕಿಟಕಿ ತೆರೆದಳು. ಕಿಟಕಿಯಾಚೆ, ಹೊಳೆಯ ಕಡೆಯಿಂದ, ಟಿಟ್ಟಿಭ ಕೂಗುತ್ತಿತ್ತು. ಗಾಡಿಗಳೆಲ್ಲ ಮನೆ ಸೇರಿದ್ದವು, ಹೊಳೆಯಂಗಳದಲ್ಲಿ ಒಬ್ಬರೂ ಇರಲಿಲ್ಲ. ಕೂಗು ನಿಲ್ಲಲೇ ಇಲ್ಲ.