ತಾರಸಿಯ ಮೇಲಿನ ಮೇಪಲ್

ಬೀಗ ರಿಪೇರಿಯವಳನ್ನು ಬೀದಿಯವರೆಲ್ಲ ಬೀಗದಕ್ಕ ಎಂದೇ ಕರೆಯುತ್ತಿದ್ದರು. ಊರು ಬಿಟ್ಟು ಹೊರಟ ಹಳೆಯ ಗಿರಾಕಿಯೊಬ್ಬರು ತಮ್ಮ ಚಳಿನಾಡಿನ ಮೇಪಲ್ ಮರದ ಬೋನ್ಸಾಯ್ ಕುಂಡವನ್ನು ಅವಳ ಕೈಗಿಟ್ಟು ಹೋದಾಗ ಅವಳಿಗೆ ಐವತ್ತೆರಡು, ಮರಕ್ಕೆ ಮೂವತ್ತು. ಎತ್ತರ ಮಾತ್ರ ಒಂದೂವರೆ ಗೇಣು.

ಜೊತೆಗಿದ್ದ ತಂಗಿ ಅದನ್ನು ಟಿ.ವಿ. ಪಕ್ಕ ಇಟ್ಟಳು. ನೋಡಿದವರೆಲ್ಲ ಹೊಗಳಿದರು. ಚಳಿಗಾಲವಿಡೀ ಬೆಚ್ಚಗಿನ ಕೋಣೆಯಲ್ಲಿ ನಿಂತ ಮರ ಮಾತ್ರ ಸೊರಗಿತು. ವಸಂತದಲ್ಲಿ ಮೂಡಿದ ನಾಲ್ಕೆಲೆಗಳೂ ಸುಟ್ಟಂತೆ ಮುದುಡಿದವು.

ಗಿಡಗಳ ನರ್ಸರಿಗೆ ಒಯ್ದು ತೋರಿಸಿದಾಗ ಅಲ್ಲಿನ ಮುದುಕ ನೋಡಿದವನೇ ರೇಗಿದ. "ಅಲ್ಲಮ್ಮಾ, ಇದೇನು ಷೋಕೇಸ್ ಗೊಂಬೆನಾ? ಚಳಿ ತಗಲಿದ್ರೇನೇ ಇದಕ್ಕೆ ನಿದ್ದೆ. ನಿದ್ದೆಗೆಟ್ಟೋರು ಎಷ್ಟು ದಿನ ಬದುಕ್ತಾರೆ? ಹೊರಗಿಡು."

ಅಂದೇ ಅವಳು ಕುಂಡ ಎತ್ತಿಕೊಂಡು ತಾರಸಿ ಹತ್ತಿದಳು. ಮಧ್ಯಾಹ್ನದ ಬಿಸಿಲಿಗೆ ನೀರಿನ ಟ್ಯಾಂಕಿನ ನೆರಳಿತ್ತು. ದಿನಾ ಬೆಳಿಗ್ಗೆ ಮಣ್ಣಿಗೆ ಬೆರಳಿಟ್ಟು ನೋಡಿ, ಒಣಗಿದ್ದರಷ್ಟೇ ನೀರುಣಿಸುತ್ತಿದ್ದಳು.

ಅವರ ಮನೆಯಿದ್ದ ಕಟ್ಟಡದ ಸಂಘದ ಸೆಕ್ರೆಟರಿಗೆ ಇದು ಹಿಡಿಸಲಿಲ್ಲ. ಕುಂಡ ಇಡಬಾರದೆಂದು ನೋಟಿಸ್ ಅಂಟಿಸಿದ, ಅವಳು ಜಗ್ಗಲಿಲ್ಲ. ಬಿರುಬೇಸಗೆಯ ಒಂದು ಬೆಳಿಗ್ಗೆ ತಾರಸಿಯ ಬಾಗಿಲಿಗೆ ಬೀಗ ಬಿದ್ದಿತ್ತು. ನಾಲ್ಕು ಬೆರಳು ಆಳದ ಕುಂಡ, ಒಂದು ದಿನ ನೀರು ತಪ್ಪಿದರೂ ಬೇರು ಒಣಗುತ್ತದೆ.

"ಸೆಕ್ರೆಟರಿ ಆಫೀಸಿಗೆ ಹೋದ್ಮೇಲೆ ತೆಗಿಯಕ್ಕಾ, ಯಾರಿಗೂ ಗೊತ್ತಾಗಲ್ಲ," ಎಂದಳು ತಂಗಿ.

"ಕದ್ದು ಯಾಕೆ ತೆಗೀಲಿ? ನಾನೇನು ಕಳ್ಳಿನಾ?"

ಸೆಕ್ರೆಟರಿಯ ಮನೆ ಬಾಗಿಲು ಬಡಿದು ಅವನನ್ನೇ ಮೇಲೆ ಕರೆತಂದಳು. ಅವನ ಕಣ್ಣೆದುರೇ ತಂತಿ ತೂರಿಸಿದಳು. ಅವನು ಬಾಯಿ ತೆರೆಯುವಷ್ಟರಲ್ಲಿ ಬೀಗ ತೆರೆದಿತ್ತು.

"ಪೊಲೀಸ್‌ಗೆ ಹೇಳ್ತೀನಿ!"

"ಹೇಳಿ ಸಾರ್. ತಾರಸಿ ಎಲ್ಲರದ್ದೂ. ಎಷ್ಟು ಬೀಗ ಬೇಕಾದ್ರೂ ಹಾಕಿ, ಅಷ್ಟನ್ನೂ ನಿಮ್ಮೆದುರಿಗೇ ತೆಗೀತೀನಿ."

ಅವನು ಇನ್ನೂ ಎರಡು ಹಾಕಿದ, ಒಂದಕ್ಕಿಂತ ಒಂದು ದೊಡ್ಡದು. ಎರಡನ್ನೂ ಅವಳು ತೆಗೆದು, ಎಣ್ಣೆ ಬಿಟ್ಟು, ಅವನ ಕೈಗೇ ಕೊಟ್ಟಳು. ನಾಲ್ಕನೆಯದು ಬರಲಿಲ್ಲ.

ಚಳಿಗಾಲ ಬಂತು. ಎಲೆಗಳೆಲ್ಲ ಉದುರಿದವು. ಅವಳು ಬೇರಿಗೆ ಗಾಳಿ ಹೊಡೆಯದಂತೆ ಕುಂಡವನ್ನು ಮರದ ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿ ಹುಗಿದಿಟ್ಟಳು. ಸೆಕ್ರೆಟರಿ ಒಮ್ಮೆ ಬಂದು ನೋಡಿ ನಕ್ಕ. "ಅಷ್ಟು ರಂಪ ಮಾಡಿದ್ದು ಈ ಒಣಕಡ್ಡಿಗಾ?"

ಅವಳು ಉಗುರಿನಿಂದ ತೊಗಟೆಯನ್ನು ಚೂರೇ ಚೂರು ಕೆರೆದಳು. ಒಳಗೆ ಹಸಿರಿತ್ತು. ಅವನು ಮೆಟ್ಟಿಲಿಳಿದು ಹೋದ.

ಚಳಿ ಕಳೆದು ಹದಿನೈದು ದಿನಕ್ಕೆ ರೆಂಬೆರೆಂಬೆಗೂ ಕೆಂಪು ಚಿಗುರೊಡೆಯಿತು. ಮಕ್ಕಳ ಬೆರಳಿನಂಥ ಎಲೆಗಳು. ಸೆಕ್ರೆಟರಿ ತಾರಸಿಗೆ ಬಂದು ಕುಂಡದತ್ತ ಬಗ್ಗಿ ನಿಂತ.

"ಮುಟ್ಲಾ?" ಎಂದು ಕೇಳಿದ.

"ಬೇಡ," ಎಂದಳು ಬೀಗದಕ್ಕ.